ಲೆವೆಲ್ ಪ್ರತಿ ಸಲ ಬದಲಾದರೆ ಕಲಿಯುವುದು ಏನನ್ನು?

ಪ್ರಶ್ನೆ: ಕೆಲವು ವಾರಗಳಿಂದ ಸ್ಪೆಲಂಕಿ ಆಡುತ್ತಿದ್ದೇನೆ. ಮೊದಲ ಭಾಗವಾದ ಗಣಿಯನ್ನೇ ದಾಟಲು ಆಗುತ್ತಿಲ್ಲ. ಬೇರೆ ಪ್ಲಾಟ್‌ಫಾರ್ಮ್ ಗೇಮ್‌ಗಳಲ್ಲಿ, ಅಂದರೆ ಓಡುತ್ತಾ ಹಾರುತ್ತಾ ದಾಟುವ ಗೇಮ್‌ಗಳಲ್ಲಿ, ಒಂದೇ ಲೆವೆಲ್ ಅನ್ನು ಮತ್ತೆ ಮತ್ತೆ ಆಡಿದರೆ ಬಾಯಿಪಾಠ ಆಗುತ್ತದೆ. ಇಲ್ಲಿ ಸತ್ತ ಕೂಡಲೇ ಎಲ್ಲವೂ ಹೊಸದು. ಹಾಗಾದರೆ ಅಭ್ಯಾಸ ಮಾಡುವುದು ಏನನ್ನು? ಇದು ಬರೀ ಅದೃಷ್ಟದ ಆಟವೇ? ದಾಟಲು ಆಗದ ಲೆವೆಲ್ ಕೂಡ ಬರುತ್ತದೆಯೇ? ಕೊನೆಗೊಂದು ಮಾತು, ಶಾರ್ಟ್‌ಕಟ್ ಬಳಸಿ ಮುಂದಿನ ಭಾಗಕ್ಕೆ ಹೋದರೆ ತಪ್ಪಾ?

ಉತ್ತರ: ದಾಟಲು ಆಗದ ಲೆವೆಲ್ ಬರುತ್ತದೆಯೇ ಎಂದು ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಸಿಗುವ ಉತ್ತರದಲ್ಲಿ ಉಳಿದ ಪ್ರಶ್ನೆಗಳ ಅರ್ಧ ಉತ್ತರವೂ ಇದೆ.

ಬರುವುದಿಲ್ಲ. ಒಳಬರುವ ಬಾಗಿಲಿನಿಂದ ಹೊರಹೋಗುವ ಬಾಗಿಲಿನವರೆಗೆ ಒಂದು ದಾರಿಯನ್ನು ಗೇಮ್ ಮೊದಲೇ ಗುರುತು ಮಾಡಿ ಇಟ್ಟಿರುತ್ತದೆ. ಆ ದಾರಿಗೆ ಬಾಂಬ್ ಬೇಡ, ಹಗ್ಗವೂ ಬೇಡ. ನಡೆದು, ಹಾರಿ, ಏಣಿ ಹಿಡಿದು ಇಳಿದರೆ ಸಾಕು. ಇದು ಆಟಗಾರರ ಊಹೆಯಲ್ಲ. ಡೆರೆಕ್ ಯು ಈ ಗೇಮ್‌ನ ಮೊದಲ ರೂಪವನ್ನು 2008ರಲ್ಲಿ ವಿಂಡೋಸ್‌ಗೆ ಉಚಿತವಾಗಿ ಬಿಟ್ಟರು. ಗೇಮ್‌ಮೇಕರ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ್ದು ಅದು. ಮರುವರ್ಷ ಅದರ ಸೋರ್ಸ್ ಕೋಡ್ ಅನ್ನೂ ಎಲ್ಲರಿಗೂ ಕೊಟ್ಟರು. ಹಾಗಾಗಿ ಲೆವೆಲ್ ಹುಟ್ಟುವುದು ಹೇಗೆ ಎಂದು ಯಾರು ಬೇಕಾದರೂ ತೆರೆದು ಓದಬಹುದು. ಆಂಡಿ ಹಲ್ ಜೊತೆ ಸೇರಿ ಮಾಡಿದ 2012ರ ಎಕ್ಸ್‌ಬಾಕ್ಸ್ 360 ಆವೃತ್ತಿ, ಆಮೇಲೆ 2020ರಲ್ಲಿ ಬಂದ ಸ್ಪೆಲಂಕಿ 2, ಎರಡೂ ಅದೇ ತಳಪಾಯದ ಮೇಲೆ ನಿಂತಿವೆ.

ಅದು ಕೆಲಸ ಮಾಡುವ ಬಗೆ ಹೀಗಿದೆ. ಗಣಿಯ ಒಂದು ಲೆವೆಲ್ ಎಂದರೆ ಅಡ್ಡಕ್ಕೆ 4, ಉದ್ದಕ್ಕೆ 4, ಒಟ್ಟು 16 ಕೋಣೆಗಳು. ಪ್ರತಿ ಕೋಣೆ 10 ಚೌಕ ಅಗಲ, 8 ಚೌಕ ಎತ್ತರ. ಮೇಲಿನ ಸಾಲಿನ ಯಾವುದೋ ಒಂದು ಕೋಣೆಯಲ್ಲಿ ನೀವು ಒಳಬರುವ ಬಾಗಿಲು ಇರುತ್ತದೆ. ಅಲ್ಲಿಂದ ಗೇಮ್ 1ರಿಂದ 5ರ ಒಳಗೆ ಒಂದು ಸಂಖ್ಯೆ ಆರಿಸುತ್ತದೆ. 1 ಅಥವಾ 2 ಬಂದರೆ ದಾರಿ ಎಡಕ್ಕೆ, 3 ಅಥವಾ 4 ಬಂದರೆ ಬಲಕ್ಕೆ, 5 ಬಂದರೆ ಕೆಳಕ್ಕೆ. ಅಂಚಿಗೆ ತಾಗಿದರೆ ಅಲ್ಲೇ ಕೆಳಕ್ಕೆ ಇಳಿಯುತ್ತದೆ. ಹೀಗೇ ಮುಂದುವರಿದು ಕೊನೆಯ ಸಾಲಿಗೆ ಬಂದ ಮೇಲೆ, ಇನ್ನು ಕೆಳಗೆ ಹೋಗಲು ಜಾಗ ಇಲ್ಲ ಎಂದಾಗ, ಅಲ್ಲಿ ಹೊರಬಾಗಿಲು ಇಡುತ್ತದೆ. ದಾರಿ ಎಡ ಬಲಕ್ಕೆ ಹೋಗುವ ಕೋಣೆಗೆ ಎರಡೂ ಪಕ್ಕ ತೆರೆದಿರಬೇಕು. ಕೆಳಕ್ಕೆ ಇಳಿಯುವ ಕೋಣೆಗೆ ತಳವೂ ತೆರೆದಿರಬೇಕು. ಅದರ ಕೆಳಗಿನ ಕೋಣೆಗೆ ಮೇಲ್ಭಾಗ ತೆರೆದಿರಬೇಕು. ದಾರಿಯಲ್ಲಿ ಸಿಗದ ಕೋಣೆಗಳಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಅವು ಪೂರ್ತಿ ಮುಚ್ಚಿರಬಹುದು, ಅಂಗಡಿಯಾಗಿರಬಹುದು, ಹಾವಿನ ಗುಂಡಿಯೂ ಆಗಿರಬಹುದು.

ಇನ್ನು ಕೋಣೆಯ ಒಳಗಿನ ವಿಷಯ. ಅದನ್ನು ಕಂಪ್ಯೂಟರ್ ಶೂನ್ಯದಿಂದ ಹುಟ್ಟಿಸುವುದಿಲ್ಲ. ಪ್ರತಿ ಬಗೆಯ ಕೋಣೆಗೂ ಮನುಷ್ಯರು ಕೈಯಾರೆ ಬರೆದಿಟ್ಟ ಹಲವು ನಕ್ಷೆಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ, ಕೆಲವೊಮ್ಮೆ ಎಡಬಲ ಮಗುಚಿ ಕೂರಿಸುತ್ತದೆ. ನಕ್ಷೆಯ ಕೆಲವು ಚೌಕಗಳು ಯಾವಾಗಲೂ ಗಟ್ಟಿ. ಕೆಲವು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇನ್ನು ಕೆಲವು ಕಡೆ 5 ಚೌಕ ಅಗಲ, 3 ಚೌಕ ಎತ್ತರದ ಒಂದು ಚಿಕ್ಕ ತುಂಡನ್ನು ಬೇರೆ ಪಟ್ಟಿಯಿಂದ ತಂದು ಸೇರಿಸುತ್ತದೆ. ಇದೆಲ್ಲ ಮುಗಿದ ಮೇಲೆ ಹಾವು, ಬಾವಲಿ, ಜೇಡ, ಬಾಣದ ಬಲೆ, ಚಿನ್ನ ಬಂದು ಕೂರುತ್ತವೆ. ನೀವು ಸಾಕಷ್ಟು ಆಡಿದ್ದರೆ ಕೆಲವು ಕೋಣೆಗಳನ್ನು ನೋಡಿದಾಗ ‘ಇದನ್ನು ಎಲ್ಲೋ ನೋಡಿದ್ದೇನೆ’ ಅನ್ನಿಸಿರುತ್ತದೆ. ನೋಡಿಯೇ ಇರುತ್ತೀರಿ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ದಾರಿ ಇದೆ ಎಂಬುದಕ್ಕೆ ಮಾತ್ರ ಗೇಮ್ ಖಾತ್ರಿ ಕೊಡುತ್ತದೆ. ಆ ದಾರಿ ಸುರಕ್ಷಿತ ಎಂಬುದಕ್ಕೆ ಅದು ಯಾವ ಖಾತ್ರಿಯನ್ನೂ ಕೊಡುವುದಿಲ್ಲ. ನೀವು ಇಳಿಯಬೇಕಾದ ಕಂಡಿಯ ಎದುರಿಗೇ ಬಾಣದ ಬಲೆ ಇರಬಹುದು. ಕೆಳಗೆ ಮುಳ್ಳಿರಬಹುದು. ದಾರಿ ಕಟ್ಟುವ ಹಂತಕ್ಕೆ ಶತ್ರುಗಳು ಎಲ್ಲಿ ಬರುತ್ತವೆ ಎಂಬುದು ಗೊತ್ತೇ ಇರುವುದಿಲ್ಲ. ಹೊಸ ಆಟಗಾರರಿಗೆ ‘ಇದು ಅನ್ಯಾಯ’ ಅನ್ನಿಸುವುದು ಈ ಎರಡರ ನಡುವಿನ ಜಾಗದಲ್ಲಿ. ನನ್ನ ಪ್ರಕಾರ ಈ ಗೇಮ್‌ನ ಜೀವ ಇರುವುದೂ ಅಲ್ಲೇ. ದಾರಿ ಇದೆ ಎಂಬ ನಂಬಿಕೆ ಇಟ್ಟುಕೊಂಡು, ಅದರ ಮೇಲೆ ಏನೆಲ್ಲ ಬಿದ್ದಿದೆ ಎಂದು ಓದುತ್ತಾ ಹೋಗುವುದೇ ನಿಮ್ಮ ಕೆಲಸ.

ಇದೇ ಸಮಸ್ಯೆಗೆ ಪೂರ್ತಿ ಬೇರೆ ಉತ್ತರ ಕೊಟ್ಟ ಗೇಮ್ ಒಂದಿದೆ. ಹೋಲಿಸಿ ನೋಡಿದರೆ ನಿಮಗೆ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. 2013ರಲ್ಲಿ ಬಂದ ಕ್ಲೌಡ್‌ಬೆರಿ ಕಿಂಗ್‌ಡಮ್ ಕೂಡ ಲೆವೆಲ್‌ಗಳನ್ನು ತಾನೇ ಹುಟ್ಟಿಸುತ್ತದೆ. ಅಲ್ಲಿ ಮೊದಲು ಕಂಪ್ಯೂಟರ್ ಆಟಗಾರನೊಬ್ಬ ಓಡುತ್ತಾನೆ. ಅವನು ಕಾಲಿಟ್ಟ ಮೆಟ್ಟಿಲುಗಳು ಉಳಿಯುತ್ತವೆ, ಅವನಿಗೆ ತಾಗದ ಹಾಗೆ ಅಪಾಯಗಳನ್ನು ಸುತ್ತ ಜೋಡಿಸಲಾಗುತ್ತದೆ. ಹಾಗಾಗಿ ಎಷ್ಟೇ ಭಯಂಕರವಾಗಿ ಕಂಡರೂ ಆ ಲೆವೆಲ್ ಅನ್ನು ದಾಟಬಹುದು ಎಂಬುದು ಖಚಿತ. ಆದರೆ ಆ ಓಟದ ಲಯ ನಿಮ್ಮ ಕೈಗೆ ಹತ್ತಬೇಕು. ಅದು ಬೆರಳಿನ ಚುರುಕಿಗೆ ಇಡುವ ಪರೀಕ್ಷೆ. ಸ್ಪೆಲಂಕಿ ಅಷ್ಟು ಚುರುಕು ಕೇಳುವುದಿಲ್ಲ. ಅದು ನಿಂತು ನೋಡಿ ಅನ್ನುತ್ತದೆ. ನೀವು ಗಣಿಯನ್ನು ಕ್ಲೌಡ್‌ಬೆರಿಯ ಬಗೆಯ ಗೇಮ್ ಎಂದುಕೊಂಡು ಆಡುತ್ತಿದ್ದೀರಿ ಎಂದು ನಿಮ್ಮ ಪ್ರಶ್ನೆಯಿಂದಲೇ ಅನ್ನಿಸುತ್ತಿದೆ. ‘ಬಾಯಿಪಾಠ’ ಎಂಬ ಮಾತು ಅಲ್ಲಿಂದಲೇ ಬಂದದ್ದು, ಅಲ್ವಾ?

ಈಗ ಅದೃಷ್ಟದ ವಿಷಯಕ್ಕೆ ಬರೋಣ. ಅದೃಷ್ಟ ಇದೆ. ಮೊದಲ ಲೆವೆಲ್‌ನಲ್ಲೇ ಒಳ್ಳೆಯ ಸಾಮಾನು ಇರುವ ಅಂಗಡಿ ಸಿಗಬಹುದು, ಪೆಟ್ಟಿಗೆಯಲ್ಲಿ ಬಾಂಬ್‌ಗಳ ರಾಶಿಯೇ ಸಿಗಬಹುದು. ಕೆಲವೊಮ್ಮೆ ಕತ್ತಲೆಯ ಲೆವೆಲ್ ಬಂದು ಏನೂ ಕಾಣಿಸದೆ ಹೋಗಬಹುದು. ನೀವು ಎಷ್ಟು ಸಿರಿವಂತರಾಗುತ್ತೀರಿ, ಎಷ್ಟು ಆರಾಮಾಗಿ ಹೋಗುತ್ತೀರಿ ಎಂಬುದನ್ನು ಅದೃಷ್ಟ ತೀರ್ಮಾನಿಸುತ್ತದೆ. ಗಣಿಯನ್ನು ದಾಟುತ್ತೀರೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ಪಳಗಿದ ಆಟಗಾರರು ಕೈಗೆ ಏನೂ ಸಿಗದಿದ್ದರೂ ಗಣಿಯ ನಾಲ್ಕೂ ಲೆವೆಲ್‌ಗಳನ್ನು ಸರಾಗವಾಗಿ ದಾಟುತ್ತಾರೆ. ಇಸ್ಪೀಟಿನಲ್ಲಿ ಎಲೆಗಳನ್ನು ಪ್ರತಿ ಸಲ ಕಲೆಸಿದರೂ ಕಟ್ಟಿನಲ್ಲಿ ಅವೇ 52 ಎಲೆಗಳಿರುತ್ತವೆ. ಇಲ್ಲಿಯೂ ಹಾಗೆ. ಜೋಡಣೆ ಬದಲಾಗುತ್ತದೆ, ಹಾವು ಹಾವಿನಂತೆಯೇ ನಡೆಯುತ್ತದೆ. ನೀವು ಅಭ್ಯಾಸ ಮಾಡಬೇಕಾದದ್ದು ಹಾವನ್ನು, ಬಾಣವನ್ನು, ಮುಳ್ಳನ್ನು. ಲೆವೆಲ್ ಅನ್ನಲ್ಲ.

ಬಾಣದ ಬಲೆಯನ್ನೇ ತೆಗೆದುಕೊಳ್ಳಿ. ಗಣಿಯಲ್ಲಿ ಹೊಸಬರನ್ನು ಅತಿ ಜಾಸ್ತಿ ಕೆಡವುವುದು ಇದೇ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಹತ್ತಿರ ಶುರುವಿನಲ್ಲಿ 4 ಜೀವ ಇರುತ್ತದೆ. ಒಂದು ಬಾಣ ತಾಗಿದರೆ 2 ಹೋಗುತ್ತದೆ. ಗಾಳಿಯಲ್ಲಿರುವಾಗ ತಾಗಿದರೆ ಎಲ್ಲೋ ಎಸೆದು ಬೀಳಿಸುತ್ತದೆ, ಅಲ್ಲಿ ಇನ್ನೇನಿದೆಯೋ ಯಾರಿಗೆ ಗೊತ್ತು. ಈಗ ಅದರ ನಿಯಮ ನೋಡಿ. ಅದು ಒಂದೇ ದಿಕ್ಕಿಗೆ ಮುಖ ಮಾಡಿರುತ್ತದೆ. ಒಂದೇ ಸಲ ಬಾಣ ಬಿಡುತ್ತದೆ. ಮುಖದ ನೇರಕ್ಕೆ ಯಾವುದು ಚಲಿಸಿದರೂ ಬಿಡುತ್ತದೆ, ನೀವೇ ಆಗಬೇಕೆಂದಿಲ್ಲ. ಕಲ್ಲಾದರೂ ಆದೀತು, ಮಡಕೆಯಾದರೂ ಆದೀತು, ಹಾರಿ ಬಂದ ಬಾವಲಿಯಾದರೂ ಆದೀತು.

ಈ ನಿಯಮ ಮನಸ್ಸಿಗೆ ಇಳಿದರೆ ನಿಮ್ಮ ಆಟ ತಾನಾಗಿ ಬದಲಾಗುತ್ತದೆ. ಕೈಯಲ್ಲಿ ಯಾವಾಗಲೂ ಒಂದು ಕಲ್ಲೋ ತಲೆಬುರುಡೆಯೋ ಇಟ್ಟುಕೊಳ್ಳುತ್ತೀರಿ. ಇಳಿಯುವ ಮೊದಲು ಅಂಚಿಗೆ ಬಂದು ಕೆಳಗೆ ನೋಡುತ್ತೀರಿ. ಬಗ್ಗುವ ಬಟನ್ ಒತ್ತಿ ಹಿಡಿದರೆ ಕ್ಯಾಮೆರಾ ಕೆಳಗೆ ಸರಿಯುತ್ತದೆ, ಇದನ್ನು ತುಂಬ ಜನ ಮರೆತೇಬಿಡುತ್ತಾರೆ. ಗೋಡೆಯಲ್ಲಿ ಬಲೆಯ ಮುಖ ಕಂಡರೆ ಕಲ್ಲನ್ನು ಮೊದಲು ಬಿಡುತ್ತೀರಿ. ಬಾಣ ಹೊರಟುಹೋಗುತ್ತದೆ. ಆಮೇಲೆ ಇಳಿದು, ಬಿದ್ದ ಬಾಣವನ್ನೂ ಎತ್ತಿಕೊಂಡರೆ ಎಸೆಯಲು ಇನ್ನೊಂದು ಆಯುಧ ಸಿಕ್ಕಿತು. ಇಷ್ಟು ಹೊತ್ತು ನಿಮ್ಮನ್ನು ಕೊಲ್ಲುತ್ತಿದ್ದದ್ದು ಈಗ ನಿಮಗೆ ಸಾಮಾನು ಕೊಡುತ್ತಿದೆ. ಲೆವೆಲ್ ಹೊಸದೇ ಇರಲಿ, ಈ ತಿಳಿವಳಿಕೆ ಹಳೆಯದಾಗುವುದಿಲ್ಲ.

ಪ್ರತಿಯೊಂದು ವಸ್ತುವನ್ನೂ ಹೀಗೆ ಒಂದೊಂದಾಗಿ ಕಲಿಯಬೇಕು. ಮುಳ್ಳಿನ ಮೇಲೆ ಬಿದ್ದರೆ ಜೀವ ಎಷ್ಟಿದ್ದರೂ ಸಾವು, ಆದರೆ ಪಕ್ಕದಿಂದ ನಡೆದು ಅದರೊಳಗೆ ಹೋದರೆ ಏನೂ ಆಗುವುದಿಲ್ಲ. ಜೇಡ ಸೂರಿಗೆ ನೇತಾಡುತ್ತಿರುತ್ತದೆ, ನೀವು ಅದರ ಅಡಿಗೆ ಬಂದಾಗ ಬೀಳುತ್ತದೆ. ಹಾಗಾಗಿ ಅಡಿಗೆ ಹೋಗುವ ಮೊದಲೇ ಎಲ್ಲಿ ನಿಂತು ಚಾವಟಿ ಬೀಸಬೇಕೆಂದು ಗೊತ್ತು ಮಾಡಿಕೊಳ್ಳಿ. ಮಡಕೆಯನ್ನು ಕೈಯಲ್ಲಿ ಹಿಡಿದು ಒಡೆಯಬೇಡಿ, ದೂರಕ್ಕೆ ಎಸೆಯಿರಿ. ಒಳಗೆ ಹಾವೋ ಜೇಡವೋ ಇರಬಹುದು. ಎಸೆದ ಕಲ್ಲು ಗೋಡೆಗೆ ಬಡಿದು ವಾಪಸ್ ಬಂದು ನಿಮಗೇ ತಾಗಬಹುದು. ತುಂಬ ಎತ್ತರದಿಂದ ಬಿದ್ದರೆ ಜೀವವೂ ಹೋಗುತ್ತದೆ, ಒಂದು ಕ್ಷಣ ಪ್ರಜ್ಞೆಯೂ ತಪ್ಪುತ್ತದೆ. ಆ ಒಂದು ಕ್ಷಣವೇ ಎಲ್ಲಕ್ಕಿಂತ ಅಪಾಯ.

ಇದು ಯಾಕೆ ಅಪಾಯ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಪೆಲಂಕಿಯಲ್ಲಿ ಒಂದೇ ಏಟಿಗೆ ಸಾಯುವುದು ಕಡಿಮೆ. ಸಾವು ಸಾಮಾನ್ಯವಾಗಿ ಸರಪಳಿಯಂತೆ ಬರುತ್ತದೆ. ಬಾವಲಿ ತಾಗುತ್ತದೆ. ನೀವು ಹಿಂದಕ್ಕೆ ಜರುಗಿ ಅಂಚಿನಿಂದ ಬೀಳುತ್ತೀರಿ. ಬೀಳುವಾಗ ಬಾಣದ ಬಲೆ ನೋಡುತ್ತದೆ. ಬಾಣ ತಾಗಿ ಪ್ರಜ್ಞೆ ತಪ್ಪಿ ಮುಳ್ಳಿನ ಮೇಲೆ ಬೀಳುತ್ತೀರಿ. ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು, ತೆರೆಯ ಮೇಲೆ ಮುಳ್ಳು ಕಾಣುತ್ತದೆ. ನೀವು ಮುಳ್ಳನ್ನು ಬೈಯುತ್ತೀರಿ. ಆದರೆ ಕಥೆ ಶುರುವಾದದ್ದು ಬಾವಲಿಯಿಂದ. ಇನ್ನೂ ಹಿಂದೆ ಹೋದರೆ, ಬಾವಲಿ ಸೂರಿನಲ್ಲಿ ಮಲಗಿರುವುದು ಕಾಣುತ್ತಿದ್ದರೂ ನೀವು ಅಂಚಿನ ಹತ್ತಿರವೇ ನಿಂತು ಅದನ್ನು ಎಬ್ಬಿಸಿದ್ದರಿಂದ. ಎರಡು ಹೆಜ್ಜೆ ಒಳಗೆ ನಿಂತು ಅದನ್ನು ಎದುರಿಸಿದ್ದರೆ ಅರ್ಧ ಜೀವವೂ ಹೋಗುತ್ತಿರಲಿಲ್ಲ.

ಹಾಗಾಗಿ ಸತ್ತ ಮೇಲೆ ಕೂಡಲೇ ಮತ್ತೆ ಶುರು ಮಾಡುವ ಬಟನ್ ಒತ್ತಬೇಡಿ. ಈ ಗೇಮ್‌ನಲ್ಲಿ ಅದು ತುಂಬ ಸುಲಭ, ಅದೇ ತೊಂದರೆ. ಒಂದು ಉಸಿರು ತೆಗೆದುಕೊಂಡು ಹಿಂದಕ್ಕೆ ಹೋಗಿ ನೋಡಿ. ಕೊನೆಯ ಏಟು ಯಾವುದು? ಅದಕ್ಕೆ ಮೊದಲಿನದು? ಅದಕ್ಕೂ ಮೊದಲು ನಾನು ಎಲ್ಲಿ ನಿಂತಿದ್ದೆ? ಮೂರನೇ ಪ್ರಶ್ನೆಯ ಉತ್ತರದಲ್ಲಿ ಹೆಚ್ಚಿನ ಸಲ ನಿಮ್ಮ ಪಾಠ ಇರುತ್ತದೆ. ಸುಮ್ನೆ ನೂರು ಸಲ ಆಡುವುದಕ್ಕಿಂತ ಹತ್ತು ಸಾವುಗಳನ್ನು ಹೀಗೆ ಬಿಡಿಸಿ ನೋಡಿದರೆ ಬೇಗ ಸುಧಾರಿಸುತ್ತೀರಿ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಓಡುವ ಬಟನ್ ಬಿಟ್ಟುಬಿಡಿ. ಗಣಿಯಲ್ಲಿ ಓಡಬೇಕಾದ ಸಂದರ್ಭ ಬಹಳ ಕಡಿಮೆ. ‘ನಿಧಾನ ಆಡಿದರೆ ದೆವ್ವ ಬರುತ್ತದಲ್ಲ’ ಎಂದು ಕೇಳಬಹುದು. ಬರುತ್ತದೆ. 2012ರ ಆವೃತ್ತಿಯಲ್ಲಿ ಒಂದು ಲೆವೆಲ್‌ನಲ್ಲಿ 2 ನಿಮಿಷ 30 ಸೆಕೆಂಡ್ ಕಳೆದರೆ ಬರುತ್ತದೆ, ಸ್ಪೆಲಂಕಿ 2ರಲ್ಲಿ ಸಾಮಾನ್ಯವಾಗಿ 3 ನಿಮಿಷಕ್ಕೆ. ಗೋಡೆಗಳನ್ನು ತೂರಿಕೊಂಡು ಬರುತ್ತದೆ, ತಾಗಿದರೆ ಮುಗಿಯಿತು. ಆದರೆ 16 ಕೋಣೆಗಳ ಲೆವೆಲ್‌ನಲ್ಲಿ ಮುಖ್ಯ ದಾರಿ ಹಿಡಿದು ಇಳಿಯಲು ಎರಡೂವರೆ ನಿಮಿಷ ಧಾರಾಳವಾಗಿ ಸಾಕು. ಸಮಯ ಸಾಲದೆ ಹೋಗುವುದು ಎಲ್ಲ ಚಿನ್ನವನ್ನೂ ಬಾಚಲು ಹೊರಟಾಗ. ದೆವ್ವವನ್ನು ಇಟ್ಟಿರುವುದು ಅದಕ್ಕಾಗಿಯೇ. ಜೊತೆಗೆ ಅದು ಹಾದುಹೋದ ರತ್ನಗಳು ವಜ್ರವಾಗುತ್ತವೆ. ಪಳಗಿದವರು ದೆವ್ವವನ್ನು ಬೇಕೆಂದೇ ಕಾದು, ರತ್ನಗಳ ಮೇಲೆ ಎಳೆದುಕೊಂಡು ಹೋಗಿ ಹಣ ಮಾಡುತ್ತಾರೆ. ಕಾಯುವವರಿಗೆ ಭಯವನ್ನೂ ಆಸೆಯನ್ನೂ ಒಂದೇ ಪಾತ್ರದಲ್ಲಿ ಇಟ್ಟದ್ದು ಎಷ್ಟು ಚೆಂದದ ಯೋಚನೆ ನೋಡಿ. ನೀವು ಸದ್ಯಕ್ಕೆ ಆ ಆಸೆಗೆ ಬೀಳಬೇಡಿ.

ಕೋಣೆಗಳ ಲೆಕ್ಕ ಗೊತ್ತಿದ್ದರೆ ದಾರಿ ಹುಡುಕುವುದೂ ಬೇಗ ಆಗುತ್ತದೆ. ಮುಖ್ಯ ದಾರಿ ಒಂದು ಸಾಲಿಗೆ ಇಳಿದ ಮೇಲೆ ಎಡಕ್ಕೋ ಬಲಕ್ಕೋ ಹೋಗುತ್ತದೆ, ಇಲ್ಲವೇ ನೇರ ಕೆಳಗಿಳಿಯುತ್ತದೆ. ಒಂದೇ ಸಾಲಿನಲ್ಲಿ ಹೋದ ದಾರಿಗೇ ಹಿಂತಿರುಗುವುದಿಲ್ಲ. ಹಾಗಾಗಿ ಎಡ ಅಂಚಿನವರೆಗೂ ಹೋಗಿ ಕೆಳಗೆ ಕಂಡಿ ಸಿಗದಿದ್ದರೆ, ಅದು ಬಲಕ್ಕೇ ಇದೆ. ಸುತ್ತ ಗೋಡೆ ಮುಚ್ಚಿದ ಕೋಣೆಗೆ ಸಿಕ್ಕಿಬಿದ್ದಿದ್ದೀರಿ ಎಂದರೆ ನೀವು ದಾರಿ ಬಿಟ್ಟಿದ್ದೀರಿ. ಗೋಡೆ ಒಡೆಯಬೇಕೋ ವಾಪಸ್ ಹತ್ತಬೇಕೋ ಎಂದು ಆಗ ತೀರ್ಮಾನಿಸಬಹುದು.

ಒಡೆಯುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ 4 ಬಾಂಬ್, 4 ಹಗ್ಗ ಕೊಡುತ್ತಾರೆ. ಹೊಸಬರು ಅವನ್ನು ಮುಂದಕ್ಕೆ ಬೇಕಾಗುತ್ತದೆ ಎಂದು ಕೂಡಿಟ್ಟು, ನಾಲ್ಕನ್ನೂ ಜೇಬಿನಲ್ಲಿ ಇಟ್ಟುಕೊಂಡೇ ಸಾಯುತ್ತಾರೆ. ಬಾಂಬ್ ಇರುವುದು ನಿಮಗೆ ಒಪ್ಪಿಗೆಯಾಗದ ದಾರಿಯನ್ನು ಬದಲಾಯಿಸಲು. ಕಂಡಿಯಲ್ಲಿ ಬಾಣ, ಹಾವು, ಮುಳ್ಳು ಮೂರೂ ಒಟ್ಟಿಗೆ ಇದ್ದರೆ ಪಕ್ಕದಲ್ಲಿ ನೆಲ ಒಡೆದು ಬೇರೆ ಕಡೆ ಇಳಿಯಿರಿ. ಲೆವೆಲ್ ಬರೆದದ್ದು ಗೇಮ್ ಆದರೂ ಅದನ್ನು ತಿದ್ದುವ ಹಕ್ಕು ನಿಮಗಿದೆ. ಆಳ ಗೊತ್ತಿಲ್ಲದ ಕಡೆ ಅಂಚಿನಲ್ಲಿ ಬಗ್ಗಿ ಹಗ್ಗ ಎಸೆಯಿರಿ, ಅದು ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡ ಹುಡುಗಿಯನ್ನು, ಅಥವಾ ನಾಯಿಮರಿಯನ್ನು, ಹೊರಬಾಗಿಲಿಗೆ ತಲುಪಿಸಿದರೆ ಒಂದು ಜೀವ ಸಿಗುತ್ತದೆ. ಅದಕ್ಕಾಗಿ ಒಂದು ಬಾಂಬ್ ಖರ್ಚಾದರೂ ನಷ್ಟವಿಲ್ಲ.

ಎರಡು ಆಸೆಗಳಿಂದ ಮಾತ್ರ ಸದ್ಯಕ್ಕೆ ದೂರ ಇರಿ. ಒಂದು, ಅಂಗಡಿಯಲ್ಲಿ ಕದಿಯುವುದು. ಅಂಗಡಿಯವನ ಹತ್ತಿರ ಬಂದೂಕು ಇದೆ. ತಪ್ಪಿಸಿಕೊಂಡರೂ ಮುಂದಿನ ಲೆವೆಲ್‌ಗಳ ಹೊರಬಾಗಿಲಿನಲ್ಲಿ ಕಾದು ನಿಂತಿರುತ್ತಾನೆ. ಇನ್ನೊಂದು, ಚಿನ್ನದ ವಿಗ್ರಹ. ಗಣಿಯಲ್ಲಿ ಅದನ್ನು ಎತ್ತಿದರೆ ದೊಡ್ಡ ಬಂಡೆ ಉರುಳುತ್ತದೆ. ಆ ಬಂಡೆ ಹೋಗಿ ಅಂಗಡಿಗೆ ಬಡಿದರೆ ಅಂಗಡಿಯವನು ಸಿಟ್ಟಾಗುವುದು ನಿಮ್ಮ ಮೇಲೆಯೇ. ಎಲ್ಲ ವಸ್ತುಗಳೂ ಒಂದೇ ನಿಯಮಕ್ಕೆ ಒಳಪಟ್ಟಿವೆ, ಅವು ಒಂದನ್ನೊಂದು ತಾಗುತ್ತವೆ. ಗೇಮ್‌ನ ಈ ಗುಣ ನನಗೆ ಬಹಳ ಇಷ್ಟ.

1980ರ ರೋಗ್ ಎಂಬ ಗೇಮ್‌ನಿಂದ ಬಂದ ಪರಂಪರೆ ಇದು. ಅಲ್ಲಿಯೂ ಕೋಣೆಗಳು ಪ್ರತಿ ಸಲ ಬದಲಾಗುತ್ತಿದ್ದವು, ಸತ್ತರೆ ಮೊದಲಿನಿಂದ ಶುರು. ಆದರೆ ಅಲ್ಲಿ ನೀವು ಒಂದು ಹೆಜ್ಜೆ ಇಟ್ಟರೆ ಮಾತ್ರ ಶತ್ರು ಒಂದು ಹೆಜ್ಜೆ ಇಡುತ್ತಿತ್ತು. ಯೋಚಿಸಲು ಬೇಕಾದಷ್ಟು ಹೊತ್ತು ಇರುತ್ತಿತ್ತು. ಡೆರೆಕ್ ಯು ಅದನ್ನು ಹಾರುವ ಓಡುವ ಆಟದೊಳಗೆ ತಂದರು. ಹೊತ್ತು ಕಡಿಮೆಯಾಯಿತು, ಯೋಚನೆ ಮಾಡುವ ಕೆಲಸ ಹಾಗೇ ಉಳಿಯಿತು. ಅಂಚಿನಲ್ಲಿ ನಿಂತು ನೋಡುವ ಎರಡು ಸೆಕೆಂಡ್ ಇದೆಯಲ್ಲ, ಅದನ್ನೇ ನಿಮ್ಮ ಸರದಿ ಎಂದುಕೊಳ್ಳಿ.

ಲೆವೆಲ್ ಬದಲಾಗದೆ ಇರುವ ಅಭ್ಯಾಸವೇ ಬೇಕು ಅನ್ನಿಸಿದರೆ ಅದಕ್ಕೂ ದಾರಿ ಇದೆ. 2013ರಲ್ಲಿ ಪಿಸಿಗೆ ಬಂದ ಆವೃತ್ತಿಯಲ್ಲಿ ಡೈಲಿ ಚಾಲೆಂಜ್ ಸೇರಿಸಿದರು. ಆ ದಿನ ಜಗತ್ತಿನ ಎಲ್ಲ ಆಟಗಾರರಿಗೂ ಒಂದೇ ಲೆವೆಲ್‌ಗಳು, ಪ್ರತಿಯೊಬ್ಬರಿಗೂ ಒಂದೇ ಅವಕಾಶ. ಮೊದಲು ನೀವು ಆಡಿ. ಆಮೇಲೆ ಪಳಗಿದವರು ಅದೇ ದಿನದ ಆಟ ಆಡಿರುವ ವಿಡಿಯೋ ನೋಡಿ. ನೀವು ಸತ್ತ ಅದೇ ಕೋಣೆಗೆ ಅವರು ಬಂದಾಗ ಎಲ್ಲಿ ನಿಲ್ಲುತ್ತಾರೆ, ಏನನ್ನು ಎತ್ತಿಕೊಳ್ಳುತ್ತಾರೆ, ಯಾವುದನ್ನು ಮುಟ್ಟದೆ ಬಿಡುತ್ತಾರೆ ಎಂದು ಗಮನಿಸಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಸ್ಪೆಲಂಕಿ 2ರಲ್ಲಿ ಸೀಡ್ ಸಂಖ್ಯೆ ಕೊಟ್ಟು ಆಡಬಹುದು. ಒಂದೇ ಸೀಡ್ ಕೊಟ್ಟರೆ ಅದೇ ಲೆವೆಲ್‌ಗಳು ಮತ್ತೆ ಬರುತ್ತವೆ. ಒಂದು ಕೋಣೆಯನ್ನು ಮೂರು ಬಗೆಯಲ್ಲಿ ದಾಟಿ ನೋಡಲು ಇದು ಅನುಕೂಲ. ಅದನ್ನು ಬಾಯಿಪಾಠ ಮಾಡಲು ಮಾತ್ರ ಕೂರಬೇಡಿ.

ಶಾರ್ಟ್‌ಕಟ್ ಬಳಸುವುದು ತಪ್ಪಲ್ಲ. ಸುರಂಗ ತೋಡುವವನು ಎಂಬ ಪಾತ್ರ ಕೇಳಿದ್ದನ್ನು ಕೊಟ್ಟು ಅದನ್ನು ತೆರೆಯುವುದಕ್ಕೇ ಗಣಿಯನ್ನು ಕೆಲವು ಸಲ ದಾಟಬೇಕು, ಅದೇ ಒಂದು ಅಭ್ಯಾಸ. ತೆರೆದ ಮೇಲೆ ಅದನ್ನು ಗಣಿಯ ನಂತರದ ಭಾಗವಾದ ಕಾಡಿನ ವಸ್ತುಗಳನ್ನು ಕಲಿಯಲು ಬಳಸಿ. ಕಪ್ಪೆ ಹೇಗೆ ನೆಗೆಯುತ್ತದೆ, ಕಾಡಿನ ಬಲೆಗಳು ಯಾವುದಕ್ಕೆ ಕೆರಳುತ್ತವೆ ಎಂದು ನೋಡಿಕೊಳ್ಳಲು ಗಣಿಯನ್ನು ಪ್ರತಿ ಸಲ ದಾಟುತ್ತಾ ಕೂರಬೇಕಿಲ್ಲ. ಆದರೆ ಪೂರ್ತಿ ಆಟ ಮುಗಿಸುವ ಮನಸ್ಸಿದ್ದರೆ ಮೊದಲಿನಿಂದಲೇ ಶುರು ಮಾಡಿ. ಶಾರ್ಟ್‌ಕಟ್‌ನಲ್ಲಿ ಹೋದರೆ ನಿಮ್ಮ ಕೈಯಲ್ಲಿ ಶುರುವಿನ 4 ಬಾಂಬ್, 4 ಹಗ್ಗ ಅಷ್ಟೇ ಇರುತ್ತವೆ. ಗಣಿಯ ನಾಲ್ಕು ಲೆವೆಲ್‌ಗಳಲ್ಲಿ ಕೂಡಿಸಬಹುದಾಗಿದ್ದ ಹಣವೂ ಸಾಮಾನೂ ಇಲ್ಲದೆ ಕಾಡಿಗೆ ಇಳಿಯುವುದು, ಅದರಾಚೆ ತಳವೇ ಇಲ್ಲದ ಹಿಮದ ಗುಹೆಗೆ ಇಳಿಯುವುದು ಬಹಳ ಕಷ್ಟ.